ರಾವಸಾಹೇಬರ ಕಾರಿನ ಆಯಿಲ್ ಎಲ್ಲಿಗೆ ಹೋಗುತ್ತಿತ್ತು

ನಾನು ಓದಿದ ಕಾಲೇಜಿನವರು, ಹೊಸದಾಗಿ ಮೆಕ್ಯಾನಿಕಲ್ ಸೇರಿದ ಹುಡುಗಿಯರಿಗಾಗಿ ಏನಾದರೂ ಬರೆದುಕೊಡಿ ಎಂದು ಕೇಳಿದರು. ಹುಮನಾಬಾದಿನ ಒಂದು ಗ್ಯಾರೇಜಿನಲ್ಲಿ ಹತ್ತು ವರ್ಷ ಹಳೆಯ ಕಾರುಗಳ ಆಯಿಲ್ ಸೋರಿಕೆ ಹುಡುಕಿ ನಿಲ್ಲಿಸುವ ಕೆಲಸ ಮಾಡಿದವಳು ನಾನು. ಆ ಕೆಲಸ ಬಿಟ್ಟು ಒಂದು ವರ್ಷವಾಯಿತು. ಮೂವತ್ಮೂರನೆಯ ವಯಸ್ಸಿಗೆ ನಿವೃತ್ತಿ ಎನ್ನುವುದು ದೊಡ್ಡ ಮಾತು. ಆದರೆ ಮತ್ತೆ ಆ ಕಸುಬಿಗೆ ಹೋಗುವುದಿಲ್ಲವಾದ್ದರಿಂದ ನನಗೆ ಬೇರೆ ಪದ ಸಿಗಲಿಲ್ಲ. ಓದಿದವರಿಗೆ ಸ್ಫೂರ್ತಿ ಬರುವ ಹಾಗೆ ಬರೆಯಿರಿ ಎಂದಿದ್ದರು. ಅದು ನನ್ನಿಂದಾಗದು. ನನಗೆ ಇನ್ನೂ ಸಿಟ್ಟಿದೆ. ಸಿಟ್ಟಿನಲ್ಲಿದ್ದರೂ ಅಳತೆ ತಪ್ಪದೆ ಬರೆಯಬಲ್ಲೆ ಎಂದು ಮಾತ್ರ ಹೇಳಬಲ್ಲೆ. ಇಲ್ಲಿ ಬರುವ ಹೆಸರುಗಳು ನಿಜವಾದವಲ್ಲ.

ಗ್ಯಾರೇಜು ಹೆದ್ದಾರಿಯ ಪಕ್ಕ, ಲಾರಿ ಬಾಡಿ ಕಟ್ಟುವವರ ಸಾಲಿನ ಕೊನೆಯಲ್ಲಿತ್ತು. ಅದರ ಮಾಲೀಕರೂ ಮೇಸ್ತ್ರಿಯೂ ಒಬ್ಬರೇ, ವೈಜನಾಥ ಉಸ್ತಾದ್. ನಮ್ಮ ಕಡೆ ಕಸುಬು ಕಲಿಸುವವರು ಯಾರೇ ಆಗಲಿ, ಅವರು ಉಸ್ತಾದರೇ. ಬೀದರ, ಕಲಬುರಗಿ, ಹೈದರಾಬಾದಿನಿಂದ ಹಳೆಯ ಕಾರು ಇಟ್ಟುಕೊಂಡವರು ಇವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಇಂಜಿನ್ ಶುರುಮಾಡಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಒಳಗೇನು ಸಡಿಲವಾಗಿದೆ ಎಂದು ಹೇಳಬಲ್ಲವರು. ಅವರ ಕೈಗೆ ನಾನು ಇವತ್ತಿಗೂ ಮರ್ಯಾದೆ ಕೊಡುತ್ತೇನೆ. ಬಾಯಿಗೆ ಕೊಡುವುದಿಲ್ಲ.

ಮೊದಲ ದಿನ ಅವರು ನನ್ನ ಪ್ರಮಾಣಪತ್ರ ನೋಡಲಿಲ್ಲ. ಒಂದು ಕಾರಿನ ಕೆಳಗೆ ಕಳಿಸಿದರು.

"ಡಿಗ್ರಿ ಅದ ಅಂತಿ. ಈ ಗಾಡಿ ಎಲ್ಲಿ ಸೋರಾಕತ್ತದ, ಹೇಳು ನೋಡೂಣು."

ಇಂಜಿನ್ನಿನ ತಳದಲ್ಲಿ ಆಯಿಲ್ ತೊಟ್ಟಿಕ್ಕುತ್ತಿದ್ದ ನಟ್ಟನ್ನು ತೋರಿಸಿದೆ. ಅಲ್ಲಿದ್ದವರೆಲ್ಲ ನಕ್ಕರು.

"ಇಂಜಿನಿಯರ್ ಬಾಯಿ," ಎಂದರು ಉಸ್ತಾದ್, ನಮ್ಮ ಕಡೆ ಹೆಂಗಸರನ್ನು ಕರೆಯುವ ಹಾಗೆ. "ಮನಿ ಸೋರಾಕತ್ತಿದ್ರ ನೀ ನೆಲ ಅಗಿತೀಯೇನು? ಛತ್ತಿಗಿ ಹತ್ತು."

ಆಮೇಲೆ ಅವರು ಹೇಳಿಕೊಟ್ಟ ಕ್ರಮ ಇದು. ಮೊದಲು ಇಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು ಪೂರಾ ಒಣಗಿಸಬೇಕು. ತೆಳು ಬಟ್ಟೆಯಲ್ಲಿ ಸುಣ್ಣದ ಪುಡಿ ಕಟ್ಟಿ ಮೇಲಿಂದ ಕೆಳಗೆ ತಟ್ಟುತ್ತ ಬರಬೇಕು. ಬೆಳ್ಳಗಾದ ಇಂಜಿನ್ನನ್ನು ಹತ್ತು ನಿಮಿಷ ನಡೆಸಿದರೆ ಎಲ್ಲಿ ಮೊದಲ ಕಪ್ಪು ಗೆರೆ ಮೂಡುತ್ತದೋ ಅದೇ ಸೋರಿಕೆಯ ಬಾಯಿ. ಅಲ್ಲಿಂದ ಹೊರಟ ಆಯಿಲ್ ಫ್ಯಾನಿನ ಗಾಳಿಗೆ ಹಿಂದೆ ಓಡುತ್ತದೆ, ತೂಕಕ್ಕೆ ಕೆಳಗೆ ಇಳಿಯುತ್ತದೆ, ಕೊನೆಗೆ ಎಲ್ಲೋ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕುವ ಜಾಗಕ್ಕೂ ತಪ್ಪಿನ ಜಾಗಕ್ಕೂ ಸಂಬಂಧವೇ ಇರುವುದಿಲ್ಲ. ನಾಲ್ಕು ವರ್ಷದ ಡಿಗ್ರಿಯಲ್ಲಿ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಮುಂದೆ ನಾನು ಹೈದರಾಬಾದಿನಿಂದ ಆಯಿಲ್‌ಗೆ ಬೆರೆಸುವ ಹೊಳೆಯುವ ಬಣ್ಣವನ್ನೂ ಅದನ್ನು ತೋರಿಸುವ ನೀಲಿ ದೀಪವನ್ನೂ ತರಿಸಿದೆ. ಉಸ್ತಾದ್ ಅದಕ್ಕೆ ಭೂತದ ದೀಪ ಎಂದು ಹೆಸರಿಟ್ಟರು. ನಾನಿಲ್ಲದಾಗ ಅದನ್ನು ಹಚ್ಚಿ ನೋಡುತ್ತಿದ್ದರು ಎಂದು ಉಳಿದವರು ಹೇಳುತ್ತಿದ್ದರು.

ಗ್ಯಾರೇಜಿನಲ್ಲಿ ಹೆಂಗಸರಿಗೆ ಶೌಚಾಲಯ ಇರಲಿಲ್ಲ. ಮೂರು ವರ್ಷ ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ಕೆಲಸ ಮಾಡಿದೆ. ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ಅದು ಹೇಗಿರುತ್ತದೆ ಎಂದು ವಿವರಿಸುವುದಿಲ್ಲ. ನಾಲ್ಕನೆಯ ವರ್ಷ ಕಟ್ಟಿಸಿದರು, ಅದೂ ಒಬ್ಬ ಗಿರಾಕಿಯ ಹೆಂಡತಿ ಬಂದು ಕೇಳಿದ್ದರಿಂದ. ನಾನು ಬಾಯಿಬಿಟ್ಟು ಕೇಳಿರಲೇ ಇಲ್ಲ. ನೀವು ಮೊದಲ ದಿನವೇ ಕೇಳಿ.

ನನ್ನ ಮೊದಲ ದೊಡ್ಡ ತಪ್ಪು ಎರಡನೆಯ ವರ್ಷದ್ದು. ಇಂಜಿನ್ನಿನ ನೆತ್ತಿಯ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್, ಹಳೆಯ ಕಾರುಗಳಲ್ಲಿ ಕಾರ್ಕಿನ ಪ್ಯಾಕಿಂಗ್ ಮೇಲೆ ಕೂರುತ್ತದೆ. ಸೋರಬಾರದೆಂದು ಪಾನಾ, ಅಂದರೆ ಸ್ಪ್ಯಾನರ್, ಹಾಕಿ ಬಲವಾಗಿ ಬಿಗಿದೆ. ಕಾರ್ಕು ಒಡೆಯಿತು. ಗಿರಾಕಿ ಮನ್ನಾಏಖೇಳ್ಳಿಯ ತನಕ ಹೋಗುವಷ್ಟರಲ್ಲಿ ಆಯಿಲ್ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಸುರಿದು ಹೊಗೆ ಎದ್ದು, ಕಾರಿಗೆ ಬೆಂಕಿ ಬಿತ್ತೆಂದು ಹೆದರಿ ಹೆಂಡತಿ ಮಕ್ಕಳನ್ನು ರಸ್ತೆಗೆ ಇಳಿಸಿಬಿಟ್ಟಿದ್ದರು. "ನಿಂಬಿಹಣ್ಣು ಹಿಂಡಿದಂಗ ಹಿಂಡೀದಿ," ಎಂದು ಉಸ್ತಾದ್ ಬೈದರು. ಸರಿಯಾದ ಬೈಗುಳ. ಆ ಬೈಗುಳದ ಬಗ್ಗೆ ನನಗೆ ಸಿಟ್ಟಿಲ್ಲ.

ಸಿಟ್ಟು ಬರಿಸಿದ್ದು ಶೆಲ್ಯಾಕ್. ಅದು ಪ್ಯಾಕಿಂಗಿಗೆ ಹಚ್ಚುವ ಕೆಂಪು ಅಂಟು. ತೆಳ್ಳಗೆ ಹಚ್ಚಿದರೆ ಸಹಾಯ, ಮೆತ್ತಿದರೆ ವಿಷ. ಹೊರಗೆ ಉಬ್ಬಿದ್ದು ಕಾಣುತ್ತದೆ. ಒಳಗೆ ಅಷ್ಟೇ ಉಬ್ಬಿರುತ್ತದೆ, ಅದು ಕಾಣುವುದಿಲ್ಲ. ಗಿರಾಕಿ ಅವಸರ ಮಾಡಿದರೆ ಉಸ್ತಾದ್ ಹುಡುಕುವ ಗೋಜಿಗೆ ಹೋಗದೆ ಮೆತ್ತಿಸಿಬಿಡುತ್ತಿದ್ದರು. ಹಾಗೆ ಮೆತ್ತಿದ ಒಂದು ಜೀಪು ಎರಡು ತಿಂಗಳಿಗೆ ಸರಪಳಿ ಕಟ್ಟಿಸಿಕೊಂಡು ಬಂತು. ಇಂಜಿನ್ ಹಿಡಿದುಕೊಂಡು ತಿರುಗದಾಗಿತ್ತು. ಬಿಚ್ಚಿದಾಗ ಆಯಿಲ್ ಸೋಸುವ ಜಾಲರಿಯ ತುಂಬ ಶೆಲ್ಯಾಕ್ ಚೂರು. ಗಿರಾಕಿ ಎದುರಿಗೇ ನಿಂತಿದ್ದ. "ಹಳೀ ಇಂಜಿನ್ ರೀ, ವಯಸ್ಸಾಗಿತ್ತು," ಎಂದರು ಉಸ್ತಾದ್. ಕೆಂಪು ಚೂರುಗಳು ನನ್ನ ಅಂಗೈಯಲ್ಲಿದ್ದವು. ನಾನು ಮುಷ್ಟಿ ಮುಚ್ಚಿದೆ. ಗಿರಾಕಿ ಹೋದ ಮೇಲೆ, ಹೇಳಬೇಕಿತ್ತು ಎಂದೆ. "ಹೇಳಬೇಕಾಗಿತ್ತಂದ್ರ ನೀನೇ ಹೇಳಬೇಕಾಗಿತ್ತು. ಬಾಯಿ ಇಲ್ಲೇನು ನಿನಗ?" ಎಂದರು. ಅವರ ಮಾತಿನಲ್ಲಿ ಸುಳ್ಳೇನಿರಲಿಲ್ಲ. ಅದಕ್ಕೇ ಅದು ಇನ್ನೂ ಚುಚ್ಚುತ್ತದೆ.

ಇನ್ನು ನಾನು ನಿಜವಾಗಿ ಬರೆಯಬೇಕಾದ್ದಕ್ಕೆ ಬರುತ್ತೇನೆ.

ಬಸವಕಲ್ಯಾಣದ ಒಂದು ಹಳೆಯ ವಾಡೆಯಲ್ಲಿ, ಅಂದರೆ ಜಮೀನ್ದಾರರ ದೊಡ್ಡ ಮನೆಯಲ್ಲಿ, ಒಂದು ಇಂಗ್ಲೆಂಡಿನ ಕಾರು ಇತ್ತು. ಅದರ ಯಜಮಾನರನ್ನು ಊರಿನವರು ರಾವಸಾಹೇಬರು ಎನ್ನುತ್ತಿದ್ದರು. ಅವರ ತಂದೆಯ ಕಾಲದ ಗಾಡಿ. ನಡೆಸುತ್ತಿದ್ದವರು ಕೊಹಿನೂರು ಎಂಬ ಹಳ್ಳಿಯ ಮಾಣಿಕಪ್ಪ, ಇಪ್ಪತ್ತಾರು ವರ್ಷದಿಂದ ಅಲ್ಲಿ ಚಾಲಕರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ಹಳೆಯ ಗಾಡಿ ನಡೆಸುವವರಲ್ಲಿ ಎರಡು ಬಗೆ. ಕೆಲವರು ಗಾಡಿ ತಂದು ಬಿಟ್ಟು ಚಹಾ ಅಂಗಡಿಗೆ ಹೋಗುತ್ತಾರೆ. ಕಾಕಾ ಪಕ್ಕದಲ್ಲಿ ಕೂತು, ನಾವು ಬಿಚ್ಚಿದ ಬೋಲ್ಟುಗಳನ್ನು ಬಿಚ್ಚಿದ ಸಾಲಿನಲ್ಲೇ ಬಟ್ಟೆಯ ಮೇಲೆ ಜೋಡಿಸುತ್ತಿದ್ದರು.

ಆ ಕಾರಿನ ಆಯಿಲ್ ಕಡಿಮೆಯಾಗುತ್ತಿತ್ತು. ವಾರಕ್ಕೆ ಸುಮಾರು ಒಂದು ಲೀಟರ್. ಹೊಗೆ ಬರುತ್ತಿರಲಿಲ್ಲ, ಅಂದರೆ ಇಂಜಿನ್ ಒಳಗೆ ಸುಡುತ್ತಿರಲಿಲ್ಲ. ಗ್ಯಾರೇಜಿನಲ್ಲಿ ಕೆಳಗೆ ಕಾಗದ ಹಾಸಿ ಒಂದು ಗಂಟೆ ನಡೆಸಿದೆ. ನಾಲ್ಕು ಹನಿ ಬಿದ್ದವು. ಆ ವಯಸ್ಸಿನ ಗಾಡಿಗೆ ನಾಲ್ಕು ಹನಿ ಲೆಕ್ಕವೇ ಅಲ್ಲ. ಹಾಗಾದರೆ ನಿಂತಲ್ಲಿ ಸೋರುತ್ತಿರಬೇಕು ಎಂದು ವಾಡೆಗೆ ಹೋಗಿ ನೋಡಿದೆ. ಒಮ್ಮೆಯಲ್ಲ, ಎರಡು ಸಲ, ಎರಡೂ ಸಲ ಬೆಳಗ್ಗೆ ಹತ್ತರ ಬಸ್ಸಿಗೆ. ಕಾರು ನಿಲ್ಲುತ್ತಿದ್ದುದು ದೊಡ್ಡ ದರವಾಜದ ಒಳಗಿನ ಮಣ್ಣಿನ ಏರಿನಲ್ಲಿ, ಮೂತಿ ಮೇಲೆ ಮಾಡಿ. ನೆಲ ಹಸನಾಗಿ ಸಾರಿಸಿತ್ತು. ಒಂದು ಕಪ್ಪು ಚುಕ್ಕೆಯೂ ಇರಲಿಲ್ಲ. ಮಂಡಿಯೂರಿ, ಟಾರ್ಚ್ ಹಿಡಿದು ನೋಡಿದೆ. ಆಮೇಲೆ ನನ್ನ ಜಾಬ್ ಕಾರ್ಡಿನಲ್ಲಿ ಹೀಗೆ ಬರೆದೆ: ನಿಲ್ಲಿಸುವ ಜಾಗದಲ್ಲಿ ಆಯಿಲ್ ಗುರುತು ಇಲ್ಲ.

ನಾನು ನೋಡಿದ್ದನ್ನೇ ಬರೆದೆ. ಅಚ್ಚುಕಟ್ಟಾಗಿ ಬರೆದೆ. ಅದೇ ನನ್ನ ಅಪರಾಧ.

ಕಾರ್ಡು ಕೊಡಲು ಉಸ್ತಾದರೂ ನಾನೂ ವಾಡೆಗೆ ಹೋದ ದಿನ ರಾವಸಾಹೇಬರು ದರವಾಜದ ಕಟ್ಟೆಯ ಮೇಲೆ ಕೂತಿದ್ದರು. ಪಹರೆಯವನಿದ್ದ. ಎದುರಿನ ಚಹಾ ಅಂಗಡಿಯವರು, ಹೊಲದ ಕೆಲಸ ಕೇಳಲು ಬಂದ ಏಳೆಂಟು ಜನ ಇದ್ದರು. ಕಾಕಾ ಗಾಡಿ ಒರೆಸುತ್ತಿದ್ದರು.

"ಏನ್ ಬರದೀರಿ, ಜೋರಾಗಿ ಓದ್ರಿ," ಎಂದರು ರಾವಸಾಹೇಬರು.

ಓದಿದೆ. ಹೊಗೆ ಇಲ್ಲ. ನಡೆಸಿದಾಗ ನಾಲ್ಕು ಹನಿ. ನಿಲ್ಲಿಸುವ ಜಾಗದಲ್ಲಿ ಗುರುತು ಇಲ್ಲ.

"ಅಂದ್ರ ಏನ್ ಉಸ್ತಾದ್?"

ಉಸ್ತಾದ್ ಮೀಸೆ ತೀಡಿಕೊಂಡರು. "ಅಂದ್ರ ಗಾಡಿ ಸೋರಾಕತ್ತಿಲ್ಲ, ಗಾಡಿ ಕುಡಿಯಾಕತ್ತಿಲ್ಲ. ಮತ್ತ್ಯಾರೋ ಕುಡಿಯಾಕತ್ತಾರ್ರಿ."

ಜನ ನಕ್ಕರು. ಕಾಕಾ ಕೂಡ ಅರ್ಧ ನಕ್ಕರು, ಯಾರ ಬಗ್ಗೆ ಎಂದು ಗೊತ್ತಾಗುವ ತನಕ. ರಾವಸಾಹೇಬರು ನಗಲಿಲ್ಲ.

"ಮಾಣಿಕ್ಯಾ, ನಿನ್ನ ಚೀಲ ತಾ ಇಲ್ಲಿ."

ಚೀಲದಲ್ಲಿ ಒಂದು ಟವೆಲು, ಊಟದ ಡಬ್ಬಿ. ಪಹರೆಯವನು ಟವೆಲು ಕೊಡವಿ, ಡಬ್ಬಿ ಬಿಚ್ಚಿ ಎಲ್ಲರಿಗೂ ಕಾಣುವ ಹಾಗೆ ಓರೆ ಮಾಡಿದ. ಜೋಳದ ರೊಟ್ಟಿ, ಪುಂಡಿ ಪಲ್ಲೆ. ಆಯಿಲ್ ಕದಿಯುವವನು ಅದನ್ನು ಊಟದ ಡಬ್ಬಿಯಲ್ಲಿ ಒಯ್ಯುತ್ತಾನೆಯೇ ಎಂದು ಅಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

"ಇಪ್ಪತ್ತಾರು ವರ್ಷ ಆತ್ರಿ," ಎಂದರು ಕಾಕಾ. ಅಷ್ಟೇ ಹೇಳಿದರು.

"ಇಪ್ಪತ್ತಾರು ವರ್ಷದಿಂದ ಎಷ್ಟು ಲೀಟರ್ ಹೋಗ್ಯಾದೋ ಯಾರಿಗ್ಗೊತ್ತು. ಕೀಲಿ ಇಡು, ನಡಿ. ಇಂಜಿನಿಯರ್ ಬಾಯಿ ಬರೆದು ಕೊಟ್ಟಾಳ, ನಾ ಹೇಳಾಕತ್ತಿಲ್ಲ."

ಬರುವಾಗ ಬಸ್ಸಿನಲ್ಲಿ ಉಸ್ತಾದರನ್ನು ಕೇಳಿದೆ, ಹಾಗೇಕೆ ಅಂದಿರಿ ಎಂದು. "ನಗಸಾಕಂತ ಅಂದೆ. ಅವ್ರು ಹಂಗ ತಿಳಕೊಂಡ್ರ ನಾ ಏನ್ ಮಾಡ್ಲಿ," ಎಂದು ಕಿಟಕಿಯ ಕಡೆ ತಿರುಗಿ ನಿದ್ದೆಹೋದರು. ನಿಜವಾಗಿ ನಿದ್ದೆಹೋದರು. ನಾನು ಅವರ ಗೊರಕೆ ಕೇಳುತ್ತ ಹುಮನಾಬಾದಿನವರೆಗೆ ಬಂದೆ.

ಬಸವಕಲ್ಯಾಣದಲ್ಲಿ ಆಮೇಲೆ ಕಾಕಾನ ಕೈಗೆ ಯಾರೂ ಸ್ಟೇರಿಂಗ್ ಕೊಡಲಿಲ್ಲ. ತಮ್ಮೂರು ಕೊಹಿನೂರಿನಲ್ಲಿ ಯಾರದೋ ಟ್ರ್ಯಾಕ್ಟರ್ ನಡೆಸುತ್ತಾರೆಂದು ಕೇಳಿದೆ. ವಾಡೆಗೆ ಬಂದ ಹೊಸ ಚಾಲಕ ಎರಡು ತಿಂಗಳಿದ್ದ. ಆಯಿಲ್ ಮತ್ತೆ ಕಡಿಮೆಯಾಯಿತು, ಅವನ ಮೇಲೂ ಸಂಶಯ ಬಂತು, ಅವನು ಹೋದ. ಮೂರನೆಯವನೂ ಹೋದ. ರಾವಸಾಹೇಬರು ಕಳ್ಳತನ ಕಾಣಲೆಂದು ಆಯಿಲ್ ಅಳೆಯುವ ಗೇಜ್ ಕಡ್ಡಿಯ ಮೇಲಿನ ಗೆರೆಗಿಂತ ಹೆಚ್ಚಿಗೆ ಆಯಿಲ್ ತುಂಬಿಸಿಡಲು ಹೇಳಿದ್ದರು. ಆಮೇಲೆ ಅದು ಇನ್ನೂ ಬೇಗ ಇಳಿಯತೊಡಗಿತು. ಇದು ಸೋರಿಕೆಯೇ ಎಂದು ಆಗಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ ಎಂದಲ್ಲ. ಹೊಳೆದದ್ದನ್ನು ನನ್ನದೇ ಕಾರ್ಡು ಅಲ್ಲಗಳೆಯುತ್ತಿತ್ತು. ಬರೆದಿಟ್ಟದ್ದನ್ನು ಕಣ್ಣಿಗಿಂತ ಹೆಚ್ಚು ನಂಬುವ ರೋಗ ಓದಿದವರಿಗೆ ಬರುತ್ತದೆ.

ಬೇಸಿಗೆಯಲ್ಲಿ ಕಾರು ಮತ್ತೆ ಗ್ಯಾರೇಜಿಗೆ ಬರಬೇಕಾಯಿತು. ರಾವಸಾಹೇಬರ ಮನೆಯಲ್ಲಿ ಮದುವೆ, ಮದುಮಗ ಅದೇ ಗಾಡಿಯಲ್ಲಿ ಬರಬೇಕು. ನಡೆಸುವವರಿಲ್ಲದ್ದರಿಂದ ನಾನೇ ತರಲು ಹೋದೆ. ಬಿಸಿಲೇರುವ ಮುಂಚೆ ಹೊರಡಬೇಕೆಂದು ಮೊದಲ ಬಸ್ಸು ಹಿಡಿದೆ. ವಾಡೆ ತಲುಪಿದಾಗ ಆಗಷ್ಟೇ ಬೆಳಕು ಹರಿದಿತ್ತು.

ಕಾರಿನ ಕೆಳಗಿನಿಂದ ಎರಡು ಪಾದ ಹೊರಗೆ ಕಾಣುತ್ತಿದ್ದವು. ಬೆಳ್ಳಿಯ ಕಾಲುಂಗುರ, ಒಡೆದ ಹಿಮ್ಮಡಿ. ಹತ್ತು ವರ್ಷ ಕಾರುಗಳ ಕೆಳಗೆ ಮಲಗಿದವಳು ನಾನು, ಇನ್ನೊಬ್ಬ ಹೆಂಗಸು ಹಾಗೆ ಮಲಗಿದ್ದನ್ನು ಅದೇ ಮೊದಲು ನೋಡಿದ್ದು. ವಾಡೆಯಲ್ಲಿ ಕಸ ಗುಡಿಸಿ ನೆಲ ಸಾರಿಸುವ ತುಳಜಮ್ಮ. ತಗಡಿನ ತುಂಡಿನಿಂದ ಏನನ್ನೋ ಕೆರೆದು ಪುಟ್ಟಿಗೆ ಹಾಕುತ್ತಿದ್ದಳು. ಬಗ್ಗಿ ನೋಡಿದೆ. ಬೂದಿಯಲ್ಲಿ ಕಲಸಿದ ಕರಿ ಮಣ್ಣು. ಆಯಿಲ್.

"ತುಳಜವ್ವಾ, ಇದು ದಿನಾ ಇರ್ತದೇನು?"

ಅವಳು ಹೊರಗೆ ಬಂದು ಸೆರಗು ಸರಿಮಾಡಿಕೊಂಡಳು. "ಗಾಡಿ ತಿರುಗಾಡಿ ಬಂದ ಮಾರನೇ ದಿನ ಇರ್ತದ್ರಿ ಬಾಯಿ. ತಾಟಿನಷ್ಟು ದೊಡ್ಡದು. ಮನಿ ಬಾಯಿಸಾಹೇಬರು ಎದ್ದು ಬರೂದ್ರಾಗ ಕಲೆ ಹೋಗಬೇಕು, ಇಲ್ಲಂದ್ರ ಬೈತಾರ. ಮೊದಲ ಬೂದಿ ಹಾಕ್ತೀನಿ, ಕೆರೀತೀನಿ, ಆಮ್ಯಾಲ ಸೆಗಣಿ ಸಾರಸ್ತೀನಿ."

"ಎಷ್ಟು ದಿನದಿಂದ?"

"ನಾ ಬಂದಾಗಿಂದ್ರಿ."

"ಯಾರಿಗೂ ಹೇಳಿಲ್ಲೇನು?"

"ಯಾರು ಕೇಳ್ಯಾರ್ರಿ?"

ಅವಳೇ ಮುಂದುವರಿಸಿದಳು. "ಮಾಣಿಕಪ್ಪನ ಡಬ್ಬಿ ಬಿಚ್ಚಿದ ದಿನ ಬಾಯಾಗ ಬಂದಿತ್ರಿ. ಹೇಳಿದ್ರ, ಕಲೆ ನೀನೇ ಮುಚ್ಚೀದಿ ಅಂತ ನನ್ನ ಮ್ಯಾಲ ಬರ್ತಿತ್ತು. ನನ್ನ ಮಗಳ ಬಾಣಂತನ ಇತ್ತು ಆಗ. ಸುಮ್ಮನಾದೆ." ಪುಟ್ಟಿ ಎತ್ತಿಕೊಂಡು, "ನೀವೂ ಎರಡು ಸಲ ಬಂದಿದ್ರಿ. ನಾ ಇಲ್ಲೇ ಕಸ ಹೊಡೀತಿದ್ದೆ. ಟಾರ್ಚ್ ಹಾಕಿ ನೆಲ ನೋಡಿದ್ರಿ, ನನ್ನ ಮುಖ ನೋಡಲಿಲ್ಲ," ಎಂದಳು.

ಹತ್ತು ಗಂಟೆಯ ಬಸ್ಸಿನವರಿಗೆ ಐದೂವರೆಯ ನೆಲ ಕಾಣುವುದಿಲ್ಲ. ಐದೂವರೆಗೆ ಎದ್ದವರನ್ನು ಕೇಳಬೇಕು. ಹೊಸದಾಗಿ ಈ ಕಸುಬಿಗೆ ಬರುವವರು ಉಳಿದದ್ದೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ.

ತಾಂತ್ರಿಕವಾಗಿ ಆದದ್ದು ಇಷ್ಟು. ಆ ಕಾರಿನ ಇಂಜಿನ್ನಿನಲ್ಲಿ ಮುಖ್ಯ ಶಾಫ್ಟಿನ ಹಿಂದಿನ ತುದಿಗೆ ರಬ್ಬರ್ ಸೀಲ್ ಇಲ್ಲ. ಶಾಫ್ಟಿನ ಮೈಮೇಲೆ ತಿರುಪಿನಂಥ ಗೀರು ಕೊರೆದಿರುತ್ತಾರೆ. ಶಾಫ್ಟು ತಿರುಗುವಾಗ ಆ ಗೀರು ಆಯಿಲ್ಲನ್ನು ಒಳಕ್ಕೆ ತಳ್ಳುತ್ತಿರುತ್ತದೆ. ಇಂಜಿನ್ ನಿಂತರೆ ತಳ್ಳುವವರಿಲ್ಲ. ಸಪಾಟು ನೆಲದಲ್ಲಿ ಅದರಿಂದ ತೊಂದರೆಯಿಲ್ಲ. ಮೂತಿ ಮೇಲಾಗಿ ನಿಂತರೆ ಆಯಿಲ್ ಹಿಂದಕ್ಕೆ ಬಂದು ಸವೆದ ಸಂದಿನಿಂದ ಹೊರಗೆ ಇಳಿಯುತ್ತದೆ. ಗೆರೆಗಿಂತ ಹೆಚ್ಚು ತುಂಬಿದರೆ ಹೆಚ್ಚು ಇಳಿಯುತ್ತದೆ. ನಾನು ಗ್ಯಾರೇಜಿನ ಸಪಾಟು ನೆಲದಲ್ಲಿ, ನಡೆಯುವ ಇಂಜಿನ್ನಿನಲ್ಲಿ ಹುಡುಕಿದ್ದೆ. ಸೋರದ ಹೊತ್ತಿನಲ್ಲಿ, ಸೋರದ ಜಾಗದಲ್ಲಿ.

ತುಳಜಮ್ಮನ ಹೆಸರು ಹೊರಗೆ ಬರದ ಹಾಗೆ ಇದನ್ನು ತೋರಿಸಬೇಕಿತ್ತು. ಅವತ್ತೇ ಕಾರನ್ನು ಹೆದ್ದಾರಿಯ ತನಕ ಓಡಿಸಿ ತಂದು ಅದೇ ಏರಿನಲ್ಲಿ ನಿಲ್ಲಿಸಿ, ಕೆಳಗೆ ಹೊಸ ತಗಡು ಹಾಸಿ, ಪಕ್ಕದಲ್ಲಿ ಕೂತೆ. ಮಧ್ಯಾಹ್ನದ ಊಟದ ಹೊತ್ತಿಗೆ ತಗಡಿನ ಮೇಲೆ ಆಯಿಲ್ ಮಡುಗಟ್ಟಿತ್ತು. ರಾವಸಾಹೇಬರನ್ನು ಕರೆದೆ. ಅವರು ಕೋಲಿನ ತುದಿ ಅದ್ದಿ ನೋಡಿದರು.

"ಇಷ್ಟು ದಿನ ನೆಲದ ಮ್ಯಾಲ ಯಾಕ ಕಾಣಲಿಲ್ಲ?"

"ಮಣ್ಣು ಹೀರಿಕೊಳ್ತದ್ರಿ. ತಗಡು ಹೀರೂದಿಲ್ಲ," ಎಂದೆ.

ಇದು ಸುಳ್ಳು. ನಾನೇ ಬಾಯಿಬಿಟ್ಟು ಗಿರಾಕಿಯೊಬ್ಬರಿಗೆ ಹೇಳಿದ ಸುಳ್ಳು ಇದೊಂದೇ, ಮತ್ತು ನನಗೆ ಅದರ ಬಗ್ಗೆ ಪಶ್ಚಾತ್ತಾಪವಿಲ್ಲ. ತುಳಜಮ್ಮ ಈಗ ಮಗಳ ಊರಿನಲ್ಲಿದ್ದಾಳೆ, ಆದ್ದರಿಂದ ಇಲ್ಲಿ ನಿಜ ಬರೆದೆ.

"ಸರಿ, ರಿಪೇರಿ ಮಾಡ್ರಿ. ಲಗ್ನಕ್ಕ ಬೇಕು."

"ಮಾಣಿಕ ಕಾಕಾನ ಮಾತು ಹ್ಯಾಂಗ್ರಿ?"

"ಯಾವ ಮಾತು? ಆದದ್ದು ಆತು. ಬೇಕಾದ್ರ ಬಂದು ಕೆಲಸಕ್ಕ ನಿಲ್ಲಲಿ, ನಾ ಏನೂ ಅನ್ನೂದಿಲ್ಲ." ಕೋಲು ಒರೆಸಿಕೊಳ್ಳುತ್ತ, "ನೆಲ ಸ್ವಚ್ಛ ಅದ ಅಂತ ಬರೆದವ್ರು ನೀವೇ ಅಲ್ಲೇನು," ಎಂದರು.

ಹೌದು, ನಾನೇ. ಆದರೆ ನಾನು ಕಳ್ಳ ಎಂದು ಬರೆದಿರಲಿಲ್ಲ. ಆ ಪದ ಅವರು ಹಾಕಿಕೊಂಡದ್ದು.

ಕೊಹಿನೂರಿಗೆ ಹೋದೆ. ಕಾಕಾ ಟ್ರ್ಯಾಕ್ಟರಿನ ಕೆಳಗೆ ಗ್ರೀಸ್ ಹಚ್ಚುತ್ತಿದ್ದರು. ಎಲ್ಲ ಹೇಳಿ, ತಪ್ಪು ನನ್ನದು ಎಂದು ಬರೆದು ಸಹಿ ಮಾಡಿದ ಕಾಗದ ಕೊಟ್ಟೆ. ಅವರು ಎರಡು ಸಲ ಓದಿದರು.

"ಇದ್ರಾಗ ನಿನ್ನ ಹೆಸರದ."

"ತಪ್ಪು ನಂದು, ಕಾಕಾ."

"ನಿಂದು ತಪ್ಪು, ಖರೆ. ತಪ್ಪು ಯಾರಾದ್ರೂ ಮಾಡ್ತಾರ. ಡಬ್ಬಿ ಬಿಚ್ಚಿಸಿದ್ದು ನೀ ಅಲ್ಲಲ?" ಕಾಗದ ಮಡಚಿ ವಾಪಸ್ ಕೊಟ್ಟರು. "ನನ್ನ ಹೆಂಡತಿ ಆ ಡಬ್ಬಿ ಮತ್ತ ಕಟ್ಟಿ ಕೊಡಲಿಲ್ಲ ತಂಗಿ. ತೊಳೆದು ಮ್ಯಾಲ ಇಟ್ಟಾಳ. ನೀ ಬರದ ಕಾಗದ ಓದಿದ್ರ ಆಕಿ ತೆಗೀತಾಳೇನು?"

"ಒಳಗ ಕರದು ಕೆಲಸ ಕೊಡ್ತಾರಂತ."

"ಒಳಗ ಯಾಕ? ಬೈದದ್ದು ದರವಾಜದಾಗ, ಹತ್ತು ಮಂದಿ ಮುಂದ. ಅಲ್ಲೇ ಹೇಳಲಿ, ಗಾಡಿ ಸೋರತಿತ್ತು, ಮಾಣಿಕಪ್ಪ ಕಳ್ಳ ಅಲ್ಲ ಅಂತ. ಕೆಲಸ ನನಗ ಬ್ಯಾಡ. ಆ ಮಾತು ಬೇಕು."

ಕಾರು ಗ್ಯಾರೇಜಿಗೆ ಬಂತು. ಇಂಜಿನ್ ಇಳಿಸಿ ಪೂರಾ ಬಿಚ್ಚಿದೆ. ಉಸ್ತಾದ್ ಶೆಲ್ಯಾಕ್ ಡಬ್ಬಿ ತಂದು ಪಕ್ಕದಲ್ಲಿಟ್ಟರು. ನಾನು ಮುಟ್ಟಲಿಲ್ಲ. ಶಾಫ್ಟಿನ ಹಿಂದೆ ಈಗಿನ ಕಾಲದ ರಬ್ಬರ್ ಸೀಲ್ ಕೂರುವ ಒಂದು ಉಂಗುರದ ನಕ್ಷೆ ಬರೆದು, ಲೇಥಿನವರ ಪಕ್ಕ ನಿಂತು ಮಾಡಿಸಿದೆ. ಮೊದಲನೆಯದು ಕೂದಲೆಳೆಯಷ್ಟು ಸಡಿಲ, ಬಿಸಾಕಿದೆ. ಎರಡನೆಯದು ಕೂತಿತು. ಇಂಜಿನ್ನಿನ ಒಳಗಿನ ಒತ್ತಡವನ್ನು ಹೊರಗೆ ಬಿಡುವ, ಧೂಳು ಕಟ್ಟಿ ಮುಚ್ಚಿದ್ದ ಉಸಿರು ಪೈಪನ್ನು ಬಿಡಿಸಿದೆ. ಮೂತಿಯನ್ನು ವಾಡೆಯ ಏರಿಗಿಂತ ಒಂದು ಗೇಣು ಹೆಚ್ಚಿಗೆ ಎತ್ತಿ ಎರಡು ದಿನ ನಿಲ್ಲಿಸಿದೆ. ತಗಡು ಒಣಗಿಯೇ ಇತ್ತು. ನಾನು ಮಾಡಿದ ಕೆಲಸಗಳಲ್ಲಿ ಇದು ಎಲ್ಲಕ್ಕಿಂತ ಚೆನ್ನಾದದ್ದು ಎಂದು ಸಂಕೋಚವಿಲ್ಲದೆ ಹೇಳುತ್ತೇನೆ.

ಮದುವೆಗೆ ನಾಲ್ಕು ದಿನವಿತ್ತು. ರಾವಸಾಹೇಬರಿಗೆ ಫೋನ್ ಮಾಡಿದೆ. ಗಾಡಿ ಮಾಣಿಕ ಕಾಕಾ ತರುತ್ತಾರೆ, ದರವಾಜದಲ್ಲಿ ನಿಲ್ಲಿಸುತ್ತಾರೆ, ನೀವು ಅಂದು ಆಡಿದ ಮಾತನ್ನು ಅಲ್ಲೇ ವಾಪಸ್ ತಗೊಳ್ಳಬೇಕು, ಇಲ್ಲವಾದರೆ ಗಾಡಿ ಇಲ್ಲೇ ಇರುತ್ತದೆ ಎಂದೆ. ಅಷ್ಟು ಉದ್ದದ ಮಾತನ್ನು ನಾನು ಯಾವ ಗಿರಾಕಿಗೂ ಆಡಿರಲಿಲ್ಲ. "ಕಳಸ್ರಿ," ಎಂದು ರಾವಸಾಹೇಬರು ಫೋನ್ ಇಟ್ಟುಬಿಟ್ಟರು.

ಉಸ್ತಾದ್ ಹಿಂದೆಯೇ ನಿಂತು ಕೇಳಿಸಿಕೊಂಡಿದ್ದರು.

"ಗಾಡಿ ನಿಂದಲ್ಲ, ಗಿರಾಕಿ ನಿನ್ನವನಲ್ಲ. ಯಾರ ಜೋರಿನ ಮ್ಯಾಲ ಮಾತಾಡಾಕತ್ತೀದಿ?"

"ಬಾಯಿ ಇಲ್ಲೇನು ಅಂತ ನೀವೇ ಕೇಳಿದ್ರಿ ಉಸ್ತಾದ್."

"ಒಯ್ಯಿ. ಒಯ್ದ ಮ್ಯಾಲ ತಿರುಗಿ ಈ ಗ್ಯಾರೇಜಿನ್ಯಾಗ ಕಾಲಿಡಬ್ಯಾಡ."

ಪಾನಾಗಳನ್ನು ಒರೆಸಿ ಜಾಗಕ್ಕೆ ಇಟ್ಟೆ. ನೀಲಿ ದೀಪ ನನ್ನದು, ಅದನ್ನು ತೆಗೆದುಕೊಂಡೆ. ಉಸ್ತಾದ್ ಅದನ್ನೂ ನೋಡಿದರು.

ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಗಾಡಿ ಅವರು ನಡೆಸಿದರು, ನಾನು ಪಕ್ಕದಲ್ಲಿ ಕೂತೆ. ದಾರಿಯಲ್ಲಿ ಒಮ್ಮೆ, "ಇಂಜಿನ್ ಹಗುರ ಆಗ್ಯಾದ," ಎಂದರು. ವಾಡೆಯ ಮುಂದೆ ಬಂದಾಗ ಏರು ಹತ್ತಿಸಲಿಲ್ಲ. ಬೀದಿಯಲ್ಲೇ ಅಡ್ಡ ನಿಲ್ಲಿಸಿ, ಇಳಿದು, ಬಾಗಿಲ ಪಕ್ಕ ನಿಂತರು. ಚಹಾ ಅಂಗಡಿಯವರು ಎದ್ದು ಬಂದರು. ಮದುವೆಯ ಮಂಟಪ ಕಟ್ಟುವವರು ಕೆಲಸ ನಿಲ್ಲಿಸಿದರು. ಪಹರೆಯವನು ನೆಲ ನೋಡುತ್ತಿದ್ದ.

ರಾವಸಾಹೇಬರು ಬಂದರು. ನನ್ನ ಕಡೆ ನೋಡಲಿಲ್ಲ. ಗಾಡಿಯ ಕಡೆ ನೋಡುತ್ತ ಗಂಟಲಿನಲ್ಲೇ, "ಗಾಡಿನೇ ಸೋರತಿತ್ತಂತ," ಎಂದರು.

"ಕೇಳಸಲಿಲ್ರಿ," ಎಂದರು ಕಾಕಾ. "ಜರಾ ಜೋರಾಗಿ ಹೇಳ್ರಿ. ಅಂದು ಜೋರಾಗೇ ಹೇಳಿದ್ರಿ."

ಚಹಾ ಅಂಗಡಿಯಲ್ಲಿ ಯಾರೋ ಕೆಮ್ಮಿದರು.

"ಗಾಡಿ ಸೋರತಿತ್ತು. ಮಾಣಿಕ ಕದ್ದಿಲ್ಲ. ಆತಿಲ್ಲೊ?"

"ಮಾಣಿಕಪ್ಪ," ಎಂದರು ಕಾಕಾ.

ರಾವಸಾಹೇಬರ ಮುಖ ಕೆಂಪಾಯಿತು. ಮಂಟಪದವರೆಲ್ಲ ಕಾಯುತ್ತಿದ್ದರು. "ಮಾಣಿಕಪ್ಪ ಕದ್ದಿಲ್ಲ," ಎಂದರು.

ಕಾಕಾ ತಲೆಯಾಡಿಸಿದರು. ಕೀಲಿಯನ್ನು ಬಾನೆಟ್ಟಿನ ಮೇಲೆ ಇಟ್ಟರು. "ಬರ್ತೀನಿ ತಂಗಿ. ಬಸ್ ಹೋಗ್ತದ," ಎಂದು ಬಸ್ ನಿಲ್ದಾಣದ ಕಡೆ ನಡೆದರು. ಅವಸರವಿಲ್ಲದೆ, ಬೀದಿಯ ನಡುವೆ ನಡೆದರು.

ಕಾರು ಬೀದಿಗೆ ಅಡ್ಡವಾಗಿ ನಿಂತಿತ್ತು. ಹಿಂದೆ ಒಂದು ಟೆಂಪೋ ಬಂದು ಹಾರ್ನ್ ಹೊಡೆಯತೊಡಗಿತು, ಅದರ ಹಿಂದೆ ಇನ್ನೊಂದು. ರಾವಸಾಹೇಬರಿಗೆ ಗಾಡಿ ನಡೆಸಲು ಬರುವುದಿಲ್ಲ. ಸುತ್ತ ನಿಂತವರಲ್ಲಿ ಆ ಗಾಡಿ ನಡೆಸಬಲ್ಲವಳು ಇನ್ನು ನಾನೊಬ್ಬಳೇ. ರಾವಸಾಹೇಬರು ಕೀಲಿ ತೆಗೆದುಕೊಂಡು ನನ್ನ ಮುಂದೆ ಹಿಡಿದರು.

"ಗಾಡಿ ಜರಾ ಒಳಗ ತಂದು ಹಚ್ಚಿ ಹೋಗ್ರಿ ಬಾಯಿ."

"ಇವತ್ತಿನಿಂದ ನಾ ಆ ಗ್ಯಾರೇಜಿನಾಗ ಇಲ್ರಿ," ಎಂದೆ.

ಕಾಕಾ ತಿರುವಿನಲ್ಲಿ ಇನ್ನೂ ಕಾಣುತ್ತಿದ್ದರು. ಚೀಲ ಹೆಗಲಿಗೆ ಹಾಕಿಕೊಂಡು ನಾನೂ ಆ ಕಡೆಗೆ ಹೊರಟೆ.